ಸಿಪ್ಪೆ, ಬೂದಿ, ಅಂಟುವಾಳ: ಮನೆಯಲ್ಲೇ ಮಾಡಿದ ಕ್ಲೀನರ್ ಯಾವ ಕೊಳೆಗೆ ಸರಿ?

ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದು 2015ರ ಮೇ ತಿಂಗಳಲ್ಲಿ. 2017ರ ಫೆಬ್ರವರಿಯಲ್ಲಿ ಅದೇ ಕೆರೆಯಿಂದ ಮತ್ತೆ ದಟ್ಟ ಹೊಗೆ ಎದ್ದಿತು. 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸೈನಿಕರೇ ಬರಬೇಕಾಯಿತು. ಕೆಳಗಿನ ವರ್ತೂರು ಕೆರೆಯಲ್ಲಿ ನೊರೆ ಕೋಡಿ ದಾಟಿ ರಸ್ತೆಗೆ ಹಾರುತ್ತಿತ್ತು, ಬೈಕಿನಲ್ಲಿ ಹೋಗುವವರ ಮುಖಕ್ಕೆ ಬಡಿಯುತ್ತಿತ್ತು. ಅದನ್ನು ತಡೆಯಲು ಬಲೆ ಕಟ್ಟಿದರು, ನೀರು ಚಿಮ್ಮಿಸುವ ಯಂತ್ರ ಇಟ್ಟರು. ಈ ನೀರು ಮುಂದೆ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟೆಯಲ್ಲೂ ನೊರೆ ಎದ್ದ ಚಿತ್ರಗಳನ್ನು ಎಷ್ಟೋ ಸಲ ನೋಡಿದ್ದೇವೆ.

ಈ ನೊರೆಗೆ ಮುಖ್ಯ ಕಾರಣ ಸಂಸ್ಕರಿಸದೆ ಬಿಟ್ಟ ಚರಂಡಿ ನೀರು. ಆ ನೀರಿಗೆ ನೊರೆ ಏಳುವ ಗುಣ ಸೇರುವುದು ನಮ್ಮ ಬಚ್ಚಲು, ಸಿಂಕು, ವಾಷಿಂಗ್ ಮೆಷಿನ್‌ಗಳಿಂದ. ಬಟ್ಟೆ ಪುಡಿಯಲ್ಲೂ ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲೂ ಜಿಡ್ಡು ಬಿಡಿಸುವ ಒಂದು ರಾಸಾಯನಿಕ ಇರುತ್ತದೆ. ಹೆಚ್ಚು ಬಳಕೆಯಲ್ಲಿರುವುದನ್ನು ಚಿಕ್ಕದಾಗಿ ಎಲ್‌ಎಎಸ್ ಅನ್ನುತ್ತಾರೆ. ಗಾಳಿ ಚೆನ್ನಾಗಿ ಆಡುವ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ. ಆಮ್ಲಜನಕವೇ ಇಲ್ಲದ ಕೊಳಚೆಯಲ್ಲಿ ಅದು ಕರಗದೆ ಉಳಿಯುತ್ತದೆ, ತಳದ ಕೆಸರಿಗೆ ಅಂಟಿಕೊಂಡು ಕೂರುತ್ತದೆ. ಜೋರು ಮಳೆ ಬಂದು ಕೆಸರು ಕಲಕಿ, ಕೋಡಿಯಲ್ಲಿ ನೀರು ಧುಮುಕಿದಾಗ ಬೆಟ್ಟದಷ್ಟು ನೊರೆ. ಮಳೆ ಬಂದ ಮಾರನೇ ದಿನ ವರ್ತೂರಿನಲ್ಲಿ ನೊರೆ ಜಾಸ್ತಿ ಕಾಣುತ್ತಿದ್ದದ್ದು ಇದಕ್ಕೇ.

ಇಂಥ ದೃಶ್ಯ ನೋಡಿದ ಮೇಲೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದು ಹೊಸ ಅಭ್ಯಾಸ ಶುರುವಾಯಿತು. ಅಡುಗೆಮನೆಯ ಮೂಲೆಯಲ್ಲಿ ಕಿತ್ತಳೆ ಸಿಪ್ಪೆ ತುಂಬಿದ ಬಾಟಲಿ. ಬಾಲ್ಕನಿಯಲ್ಲಿ ಅಂಟುವಾಳ ನೆನೆಸಿದ ಪಾತ್ರೆ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಕ್ಕೊಂದು ರೆಸಿಪಿ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಇದು ಹರಡಿದೆ. ಸ್ವಸಹಾಯ ಸಂಘದ ಮಹಿಳೆಯರು ಮಾಡಿ ಮಾರುತ್ತಾರೆ. ಇದರ ಜೊತೆಗೇ ದೊಡ್ಡ ದೊಡ್ಡ ಮಾತುಗಳೂ ಹರಡಿವೆ: ಎಲ್ಲ ಕೀಟಾಣು ಸಾಯುತ್ತವೆ, ಕೆರೆ ಶುದ್ಧವಾಗುತ್ತದೆ, ಮಕ್ಕಳು ಬಾಯಿಗೆ ಹಾಕಿಕೊಂಡರೂ ಏನೂ ಆಗಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಮಾಡಿದ ಕ್ಲೀನರ್‌ನಿಂದ ನಿಜವಾದ ಲಾಭ ಇದೆ. ಕೊಳೆ ಯಾವುದು, ಅದು ಕೂತಿರುವ ಜಾಗ ಎಂಥದು, ಮನೆಗೆ ಬರುವ ನೀರು ಎಂಥದು ಅಂತ ತಿಳಿದುಕೊಂಡರೆ ಮಾತ್ರ ಆ ಲಾಭ ಕೈಗೆ ಸಿಗುತ್ತದೆ. ಇವನ್ನು ನೋಡದೆ ಒಂದೇ ಬಾಟಲಿಯನ್ನು ಎಲ್ಲ ಕಡೆ ಸುರಿದರೆ ನೆಲ ಹಾಳಾಗುತ್ತದೆ, ಇಲ್ಲವೇ ಕೊಳೆ ಹಾಗೇ ಉಳಿಯುತ್ತದೆ. ಕೆಲವು ಸಲ ಜೀವಕ್ಕೇ ಅಪಾಯ.

ಅಜ್ಜಿಯರಿಗೆ ಗೊತ್ತಿದ್ದ ಲೆಕ್ಕ

ಹಳೇ ಮನೆಗಳಲ್ಲಿ ಒಂದೇ ಕ್ಲೀನರ್ ಇರಲಿಲ್ಲ. ಪಾತ್ರೆಗೆ ಬೂದಿ, ದೇವರ ಸಾಮಾನಿಗೆ ಹುಣಸೆಹಣ್ಣು, ತಲೆಗೆ ಸೀಗೆ, ರೇಷ್ಮೆ ಸೀರೆಗೂ ಒಡವೆಗೂ ಅಂಟುವಾಳ. ಮಡಿವಾಳರು ಬಟ್ಟೆ ಒಗೆಯಲು ಚೌಳು ಮಣ್ಣು ತರುತ್ತಿದ್ದರು. ಒಂದೊಂದು ಕೊಳೆಗೆ ಒಂದೊಂದು ವಸ್ತು. ಇವತ್ತಿನ ರಸಾಯನಶಾಸ್ತ್ರದ ಕಣ್ಣಿನಲ್ಲಿ ನೋಡಿದರೂ ಆ ಲೆಕ್ಕ ಸರಿಯಾಗಿಯೇ ಇದೆ.

ಸೌದೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಅದು ಕ್ಷಾರ. ಎಣ್ಣೆಯ ಪಾತ್ರೆಗೆ ಬೂದಿ ಹಾಕಿ ಉಜ್ಜಿದಾಗ ಎಣ್ಣೆಯ ಸ್ವಲ್ಪ ಭಾಗ ಅಲ್ಲೇ ಸೋಪಾಗಿ ಬದಲಾಗುತ್ತದೆ. ಉಳಿದದ್ದನ್ನು ಪುಡಿ ಹೀರುತ್ತದೆ, ತೆಂಗಿನ ನಾರು ಕೆರೆದು ತೆಗೆಯುತ್ತದೆ. ಚೌಳು ಮಣ್ಣಿನಲ್ಲಿರುವುದೂ ಕ್ಷಾರವೇ. ಅಂಗಡಿಯಲ್ಲಿ ಸಿಗುವ ವಾಷಿಂಗ್ ಸೋಡಾ ಇದೇ ಜಾತಿಯದು, ಸೋಡಿಯಂ ಕಾರ್ಬೊನೇಟ್. ಅಡುಗೆ ಸೋಡಾ ಇದರ ತುಂಬಾ ಮೆತ್ತಗಿನ ತಮ್ಮ.

ಹುಣಸೆಹಣ್ಣಿನ ಕೆಲಸವೇ ಬೇರೆ. ಹಿತ್ತಾಳೆ ದೀಪ, ತಾಮ್ರದ ಚೊಂಬು ಕಪ್ಪಾಗುವುದು ಗಾಳಿಯ ಜೊತೆ ಸೇರಿ ಆದ ಆಕ್ಸೈಡ್ ಪದರದಿಂದ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಆ ಪದರವನ್ನು ಕರಗಿಸುತ್ತದೆ. ಹಬ್ಬದ ಹಿಂದಿನ ದಿನ ದೀಪದ ಕಂಬಕ್ಕೆ ನೆನೆಸಿದ ಹುಣಸೆ ಬಳಿದು ಸ್ವಲ್ಪ ಉಪ್ಪು ಉದುರಿಸಿ ನೋಡಿ. ಬೆರಳು ಓಡಿದ ಕಡೆಯೆಲ್ಲ ಕಪ್ಪು ಸರಿದು ಕೆಂಪು ಮಿಶ್ರಿತ ಹಳದಿ ಬಣ್ಣ ಏಳುತ್ತದೆ. ಸಂದಿಯಲ್ಲಿ ಕೂತ ಹಸಿರು ಕಿಲುಬು ಮಾತ್ರ ಹಳೇ ಹಲ್ಲುಜ್ಜುವ ಬ್ರಷ್‌ಗೆ ಜಗ್ಗುತ್ತದೆ. ಇದರಲ್ಲಿ ಎಲ್ಲರೂ ಅವಸರ ಮಾಡುವ ಜಾಗ ಒಂದಿದೆ, ಅದು ತೊಳೆದು ಒರೆಸುವುದು. ಹುಳಿ ಉಳಿದರೆ, ನೀರು ಒಣಗದಿದ್ದರೆ, ಮೂರೇ ದಿನಕ್ಕೆ ಮೊದಲಿಗಿಂತ ಜಾಸ್ತಿ ಕಪ್ಪಾಗುತ್ತದೆ. ಹುಣಸೆ ಪೂರ್ತಿ ಹೋಗುವ ಹಾಗೆ ತೊಳೆದು, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಬೇಕು.

ಅಲ್ಯೂಮಿನಿಯಂ ಕುಕ್ಕರ್ ಒಳಗೆ ಕಪ್ಪಾದರೆ ಹಿಂಡಿದ ನಿಂಬೆ ಹೋಳು ಹಾಕಿ ನೀರು ಕುದಿಸುತ್ತೇವೆ, ಅಲ್ವಾ? ಅದೂ ಹುಳಿಯದೇ ಕೆಲಸ. ಅದೇ ಕುಕ್ಕರ್‌ಗೆ ವಾಷಿಂಗ್ ಸೋಡಾ ಹಾಕಿದರೆ ತೊಂದರೆ. ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಪಾತ್ರೆ ಮಂಕಾಗಿ ಕಪ್ಪಾಗುತ್ತದೆ.

ಒಟ್ಟಿನಲ್ಲಿ ಸೂತ್ರ ಸರಳ. ಜಿಡ್ಡಿಗೆ ಕ್ಷಾರ ಇಲ್ಲವೇ ಸೋಪು. ಉಪ್ಪು ಕಟ್ಟಿದ್ದಕ್ಕೆ, ಕಿಲುಬಿಗೆ ಹುಳಿ. ಇದು ಗೊತ್ತಿದ್ದರೆ ಇಂಟರ್‌ನೆಟ್ಟಿನ ಅರ್ಧಕ್ಕರ್ಧ ರೆಸಿಪಿಗಳು ಯಾಕೆ ಕೆಲಸ ಮಾಡುವುದಿಲ್ಲ ಅಂತ ತಾನೇ ಅರ್ಥವಾಗುತ್ತದೆ. ಅದರಲ್ಲೂ ಎಲ್ಲರೂ ಹೇಳುವ ಒಂದು ರೆಸಿಪಿ ಇದೆ. ಸಿಂಕಿನ ಪೈಪಿಗೆ ಅಡುಗೆ ಸೋಡಾ ಸುರಿ, ಮೇಲೆ ವಿನೆಗರ್ ಹಾಕು. ಬುಸ್ಸೆಂದು ಉಕ್ಕುತ್ತದೆ, ಏನೋ ದೊಡ್ಡ ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ಹುಳಿ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಳ್ಳುತ್ತವೆ, ಅಷ್ಟೆ. ಹೊರಬರುವುದು ಇಂಗಾಲದ ಡೈಆಕ್ಸೈಡ್. ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣದ ನೀರು. ಅದಕ್ಕೆ ಜಿಡ್ಡು ಬಿಡಿಸುವ ಶಕ್ತಿಯೂ ಇಲ್ಲ, ಉಪ್ಪು ಕರಗಿಸುವ ಶಕ್ತಿಯೂ ಇಲ್ಲ. ಎರಡನ್ನೂ ಬೆರೆಸಿ ಬಾಟಲಿಯಲ್ಲಿ ತುಂಬಿಟ್ಟು ಸ್ಪ್ರೇ ಮಾಡುವವರು ಎರಡೂ ಒಳ್ಳೆಯ ವಸ್ತುಗಳನ್ನು ವ್ಯರ್ಥ ಮಾಡಿದ ಹಾಗೆ. ಪೈಪು ಕಟ್ಟಿದ್ದರೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ಬಿಸಿನೀರು ಬಿಡಿ, ಆಮೇಲೆ ರಬ್ಬರ್ ಪಂಪಿನಿಂದ ಒತ್ತಿ. ಅದು ನಿಜವಾಗಿ ಕೆಲಸ ಮಾಡುತ್ತದೆ.

ಸಿಪ್ಪೆಯ ಬಾಟಲಿಯೊಳಗೆ ಏನಾಗುತ್ತದೆ

ಈಗ ಎಲ್ಲರ ಬಾಯಲ್ಲಿರುವುದು ಬಯೋ ಎಂಜೈಮ್, ಅಂದರೆ ಹಣ್ಣಿನ ಸಿಪ್ಪೆಯನ್ನು ಬೆಲ್ಲದ ನೀರಿನಲ್ಲಿ ಹುದುಗಿಸಿ ಮಾಡಿದ ದ್ರವ. ಈ ವಿಧಾನವನ್ನು ಜನಪ್ರಿಯ ಮಾಡಿದವರು ಥಾಯ್ಲೆಂಡಿನ ರೋಸುಕಾನ್ ಪೂಂಪನ್‌ವೊಂಗ್. ಅಳತೆ ಎಲ್ಲ ಕಡೆ ಒಂದೇ, 1:3:10. ಅಂದರೆ 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, ಒಂದು ಲೀಟರ್ ನೀರು. ಕಿತ್ತಳೆ, ಮೂಸಂಬಿ, ನಿಂಬೆ, ಅನಾನಸ್ ಸಿಪ್ಪೆ ಆದರೆ ಒಳ್ಳೆಯದು. ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ, ಮೇಲೆ ಕಾಲು ಭಾಗ ಖಾಲಿ ಬಿಟ್ಟು ಮುಚ್ಚಿಡಬೇಕು. ಮೂರು ತಿಂಗಳು ಕಾಯಬೇಕು.

ಮೊದಲ ತಿಂಗಳು ತುಂಬಾ ಗ್ಯಾಸ್ ಬರುತ್ತದೆ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು. ಗಾಜಿನ ಬಾಟಲಿ ಬೇಡವೇ ಬೇಡ, ಒತ್ತಡ ಹೆಚ್ಚಾಗಿ ಒಡೆದರೆ ಚೂರು ಕಣ್ಣಿಗೆ ಸಿಡಿಯಬಹುದು. ಶುರುವಿನಲ್ಲಿ ಸಿಪ್ಪೆ ಮೇಲೆ ತೇಲುತ್ತದೆ, ಬೆಲ್ಲದ ಸಿಹಿ ವಾಸನೆ ಇರುತ್ತದೆ. ಒಂದೆರಡು ವಾರದಲ್ಲಿ ಹೆಂಡದ ವಾಸನೆ. ಆಮೇಲೆ ನಿಧಾನವಾಗಿ ಹುಳಿ ವಾಸನೆ ಏರುತ್ತದೆ, ಸಿಪ್ಪೆಯ ಬಣ್ಣ ಮಾಸುತ್ತದೆ, ಎಷ್ಟೋ ಚೂರುಗಳು ತಳಕ್ಕೆ ಇಳಿಯುತ್ತವೆ. ಮೇಲೆ ಬಿಳಿ ಪದರ ಬಂದರೆ ಗಾಬರಿ ಬೇಡ, ಅದು ಯೀಸ್ಟ್. ಕಪ್ಪು ಬೂಸ್ಟು ಬಂದು ಕೊಳೆತ ವಾಸನೆ ಹೊಡೆದರೆ ಚೆಲ್ಲಿ ಹೊಸದು ಮಾಡುವುದೇ ಒಳ್ಳೆಯದು.

ಒಳಗೆ ನಡೆಯುತ್ತಿರುವುದು ಇಷ್ಟು. ಯೀಸ್ಟ್ ಬೆಲ್ಲದ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಬ್ಯಾಕ್ಟೀರಿಯಾಗಳು ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತವೆ. ಜೊತೆಗೆ ಲ್ಯಾಕ್ಟಿಕ್ ಆಮ್ಲವೂ ಸೇರುತ್ತದೆ. ಸಿಪ್ಪೆಯ ಎಣ್ಣೆ ಸ್ವಲ್ಪ ನೀರಿಗೆ ಇಳಿಯುತ್ತದೆ, ಪರಿಮಳ ಅದರದು. ಜಿಡ್ಡು, ಪಿಷ್ಟ, ಪ್ರೋಟೀನ್ ಒಡೆಯುವ ಎಂಜೈಮ್‌ಗಳೂ ಸ್ವಲ್ಪ ಮಟ್ಟಿಗೆ ಇರುತ್ತವೆ. ಆದರೆ ಟೈಲ್ಸ್ ಮೇಲಿನ ಉಪ್ಪಿನ ಕಲೆ ಹೋಗುವುದು, ಬಚ್ಚಲಿನ ವಾಸನೆ ಕಡಿಮೆಯಾಗುವುದು, ಇದರ ಬಹುಪಾಲು ಹುಳಿಯಿಂದ. ಹಾಗಾಗಿ ಇದನ್ನು ಪರಿಮಳದ ತೆಳು ವಿನೆಗರ್ ಅಂದುಕೊಂಡು ಬಳಸಿದರೆ ಎಲ್ಲಿ ಬಳಸಬೇಕು, ಎಲ್ಲಿ ಬೇಡ ಎಂಬುದು ತಪ್ಪುವುದಿಲ್ಲ.

ಎಲ್ಲಿ ಚೆನ್ನಾಗಿ ನಡೆಯುತ್ತದೆ? ಸೆರಾಮಿಕ್ ಮತ್ತು ವಿಟ್ರಿಫೈಡ್ ಟೈಲ್ಸ್ ನೆಲಕ್ಕೆ. ಅರ್ಧ ಬಕೆಟ್ ನೀರಿಗೆ ಎರಡು ಮೂರು ಮುಚ್ಚಳ ಸಾಕು. ಕಮೋಡ್ ಒಳಗೆ ರಾತ್ರಿ ಹಾಕಿ ಬೆಳಿಗ್ಗೆ ಬ್ರಷ್‌ನಿಂದ ಉಜ್ಜಿದರೆ ದಿನದ ಕೊಳೆ, ವಾಸನೆ ಹೋಗುತ್ತದೆ. ಸೆಪ್ಟಿಕ್ ಟ್ಯಾಂಕ್ ಇರುವ ಮನೆಗೆ ಇದು ಇನ್ನೂ ಒಳ್ಳೆಯದು. ಗುಂಡಿಯಲ್ಲಿ ಮಲವನ್ನು ಕರಗಿಸುವುದೇ ಬ್ಯಾಕ್ಟೀರಿಯಾಗಳು. ದಿನಾ ಫಿನಾಯಿಲ್, ಬ್ಲೀಚಿಂಗ್ ಪೌಡರ್ ಸುರಿದರೆ ಅವೇ ಸಾಯುತ್ತವೆ.

ಎಣ್ಣೆ ಕೂತ ಬಾಣಲೆಗೆ, ಚಿಮಣಿಯ ಅಂಟು ಜಿಡ್ಡಿಗೆ ಇದು ಸಾಲದು. ಮೂರು ತಿಂಗಳು ತುಂಬುವ ಮುಂಚೆ ತೆಗೆದು ನೆಲ ಒರೆಸಿದರೆ ಸಕ್ಕರೆ ಉಳಿದಿರುತ್ತದೆ. ನೆಲ ಅಂಟಂಟು, ಬೆಳಗಾಗುವಷ್ಟರಲ್ಲಿ ಇರುವೆ ಸಾಲು. ಜ್ಯೂಸ್ ಅಂಗಡಿಯಿಂದ ಸಿಪ್ಪೆ ತರುವವರು ಚೆನ್ನಾಗಿ ತೊಳೆದು ಬಳಸಿ, ಸಿಪ್ಪೆಯ ಮೇಲೆ ಮೇಣ, ಔಷಧಿ ಎರಡೂ ಇರಬಹುದು.

ಇದರಿಂದ ಇನ್ನೊಂದು ಉಪಕಾರ ಇದೆ, ಅದನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಮನೆಯಲ್ಲಿ ಗೊಬ್ಬರ ಮಾಡುವವರಿಗೆ ಕಿತ್ತಳೆ, ನಿಂಬೆ ಸಿಪ್ಪೆ ತಲೆನೋವು. ಬೇಗ ಕೊಳೆಯುವುದಿಲ್ಲ, ಎರೆಹುಳುಗಳಿಗೂ ಹಿಡಿಸುವುದಿಲ್ಲ. ಆ ಸಿಪ್ಪೆಗೆ ಒಂದು ದಾರಿ ಸಿಕ್ಕಿದ ಹಾಗಾಯಿತು. ಹಸಿ ಕಸದ ಬಕೆಟ್ ಅಷ್ಟು ಹಗುರವಾಗುವುದೂ ಸಣ್ಣ ವಿಷಯವಲ್ಲ.

ಕೆರೆಗೆ ಬಯೋ ಎಂಜೈಮ್ ಸುರಿದು ಶುದ್ಧ ಮಾಡುತ್ತೇವೆ ಅನ್ನುವ ಮಾತಿಗೆ ಮಾತ್ರ ನಾನು ಒಪ್ಪುವುದಿಲ್ಲ. ಈ ದ್ರವದ ತುಂಬ ಇರುವುದು ಕರಗಿದ ಸಾವಯವ ವಸ್ತು. ಅದನ್ನು ಕರಗಿಸಲು ನೀರಿನ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ಮೊದಲೇ ಉಸಿರುಕಟ್ಟಿದ ಕೆರೆಗೆ ಇದನ್ನು ಸುರಿದರೆ ಇರುವ ಸ್ವಲ್ಪ ಆಮ್ಲಜನಕವೂ ಖರ್ಚಾಗುತ್ತದೆ. ಕೆರೆಗೆ ಬೇಕಾದದ್ದು ರಾಜಕಾಲುವೆಗೆ ಸೇರುವ ಕೊಳಚೆ ನಿಲ್ಲುವುದು, ಸಂಸ್ಕರಣಾ ಘಟಕಗಳು ಸರಿಯಾಗಿ ನಡೆಯುವುದು, ಹೂಳು ತೆಗೆಯುವುದು. ಕೆರೆಯಲ್ಲಿ ಕಳೆ ಬೆಳೆಸುವ ರಂಜಕವೂ ಡಿಟರ್ಜೆಂಟಿನಿಂದ ಮಾತ್ರ ಬರುವುದಿಲ್ಲ, ಮಲಮೂತ್ರದಿಂದಲೂ ಬರುತ್ತದೆ. ಹಾಗಾಗಿ ಮನೆಯ ಬಾಟಲಿ ಬದಲಾಯಿಸಿದ್ದೇವೆ ಅಂತ ಆಡಳಿತವನ್ನು ಕೇಳುವುದನ್ನು ಬಿಡಬಾರದು. ನಮ್ಮ ಸಿಂಕಿನಿಂದ ಹೋಗುವ ನೊರೆ ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ, ಅದನ್ನು ಮಾಡೋಣ. ಕೊಳಚೆ ನೀರಿನ ಪ್ರಶ್ನೆಯನ್ನು ವಾರ್ಡ್ ಸಭೆಯಲ್ಲಿ ಕೇಳುವುದನ್ನೂ ಮಾಡೋಣ.

ಅಂಟುವಾಳದ ಶಕ್ತಿ ಎಷ್ಟು

ಸೋಪಿನ ಜಾಗದಲ್ಲಿ ನಿಲ್ಲಬಲ್ಲ ಗಿಡದ ವಸ್ತು ಅಂದರೆ ಅಂಟುವಾಳ. ಇದರ ಕಾಯಿಯ ಸಿಪ್ಪೆಯಲ್ಲಿ ಸಪೋನಿನ್ ಇದೆ. ಅದು ಒಂದು ಕಡೆ ನೀರನ್ನು, ಇನ್ನೊಂದು ಕಡೆ ಜಿಡ್ಡನ್ನು ಹಿಡಿದುಕೊಳ್ಳುತ್ತದೆ. ಕೆಲಸ ಡಿಟರ್ಜೆಂಟಿನದೇ ರೀತಿ, ಶಕ್ತಿ ಕಡಿಮೆ. ಬೀಜ ತೆಗೆದ 100 ಗ್ರಾಂ ಕಾಯಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕೈಯಲ್ಲಿ ಕಿವುಚಿ ಸೋಸಿದರೆ ಕಂದು ಬಣ್ಣದ ದ್ರವ ಸಿಗುತ್ತದೆ. ಉಕ್ಕುವುದು ಜಾಸ್ತಿ, ದೊಡ್ಡ ಪಾತ್ರೆ ಇಡಿ. ಹುಳಿಮಿಶ್ರಿತ ಒಂದು ವಾಸನೆ ಇರುತ್ತದೆ, ಬಟ್ಟೆ ಒಣಗಿದ ಮೇಲೆ ಉಳಿಯುವುದಿಲ್ಲ.

ರೇಷ್ಮೆ, ಉಣ್ಣೆ, ಮಗುವಿನ ಬಟ್ಟೆ, ದಿನಾ ಉಟ್ಟ ಹತ್ತಿ ಬಟ್ಟೆಯ ಬೆವರು, ಚಿನ್ನ ಬೆಳ್ಳಿಯ ಒಡವೆ, ಇವಕ್ಕೆಲ್ಲ ಇದು ಬಹಳ ಚೆನ್ನ. ಕಾಲರ್ ಮೇಲಿನ ಗಟ್ಟಿ ಕೊಳೆ, ಸಾರಿನ ಅರಿಶಿನದ ಕಲೆ, ಗ್ರೀಸ್, ಇವು ಇದಕ್ಕೆ ಬಗ್ಗುವುದಿಲ್ಲ. ಅಂಥ ಕಡೆ ಸ್ವಲ್ಪ ಬಟ್ಟೆ ಸೋಪು ಹಚ್ಚಿ ಉಜ್ಜಿ, ಉಳಿದದ್ದನ್ನು ಅಂಟುವಾಳದಲ್ಲಿ ಒಗೆಯಿರಿ. ಪೂರ್ತಿ ಬದಲಾಯಿಸಲೇಬೇಕು ಅಂತ ಹಟ ಹಿಡಿದವರು ಬಟ್ಟೆ ಮಂಕಾದ ಮೇಲೆ ಎರಡು ತಿಂಗಳಲ್ಲಿ ಹಳೇ ಪುಡಿಗೇ ವಾಪಸ್ ಹೋಗುವುದನ್ನು ಕಂಡಿದ್ದೇನೆ. ಅರ್ಧ ಬದಲಾಯಿಸಿದವರು ವರ್ಷಗಟ್ಟಲೆ ಮುಂದುವರಿಸುತ್ತಾರೆ.

ಬೋರ್‌ವೆಲ್ ನೀರಿನ ಮನೆಗಳಿಗೆ ಅಂಟುವಾಳದಿಂದ ಒಂದು ಅನುಕೂಲ ಇದೆ. ಗಡಸು ನೀರಿನ ಕ್ಯಾಲ್ಸಿಯಂ ಮಾಮೂಲಿ ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ, ನೊರೆ ಬರುವುದಿಲ್ಲ, ಬಕೆಟ್ ಅಂಚಿಗೆ ಅಂಟಿಕೊಳ್ಳುತ್ತದೆ. ಸಪೋನಿನ್ ಹಾಗೆ ಗಟ್ಟಿಯಾಗಿ ಕೂರುವುದಿಲ್ಲ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600. ಬೆಂಗಳೂರಿನ ಹೊರವಲಯದಲ್ಲಿ, ಕೋಲಾರದ ಕಡೆ ಆಳದ ಬೋರ್‌ವೆಲ್ ನೀರು ಬಳಸುವವರಿಗೆ ನಲ್ಲಿ, ಶವರ್ ಮೇಲೆ ಉಪ್ಪು ಕಟ್ಟುವುದು ಹೊಸದೇನಲ್ಲ. ಉಪ್ಪು ಕಟ್ಟಿದ ನಲ್ಲಿಗೆ ಸಿಟ್ರಿಕ್ ಆಸಿಡ್ ಒಳ್ಳೆಯ ಮದ್ದು, ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಹಾಕಿ, ಬಟ್ಟೆ ನೆನೆಸಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ. ಆಮೇಲೆ ಉಗುರಿನಲ್ಲಿ ಕೆರೆದರೂ ಪದರ ಬಿಟ್ಟುಕೊಳ್ಳುತ್ತದೆ.

ಅಂಟುವಾಳದ ದ್ರವ ಹೊರಗೆ ಇಟ್ಟರೆ ಎರಡು ಮೂರು ದಿನಕ್ಕೆ ಹಳಸುತ್ತದೆ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಕಣ್ಣಿಗೆ ಬಿದ್ದರೆ ತುಂಬಾ ಉರಿಯುತ್ತದೆ. ಇನ್ನೂ ಒಂದು ಮಾತು. ಸಪೋನಿನ್ ಮೀನಿನ ಕಿವಿರಿಗೆ ವಿಷ. ಹೊಳೆಯಲ್ಲಿ ಮೀನು ಹಿಡಿಯಲು ಇಂಥ ಕಾಯಿಗಳನ್ನು ಜಜ್ಜಿ ಹಾಕುವ ಪದ್ಧತಿ ಹಲವು ಕಡೆ ಇತ್ತು. ಮನೆಯಿಂದ ಹೋಗುವ ತೆಳು ನೀರು ಮಣ್ಣಿನಲ್ಲಿ ಬೇಗ ಕರಗಿ ಹೋಗುತ್ತದೆ, ಗಿಡಕ್ಕೂ ಹಾಕಬಹುದು. ಮೀನಿರುವ ಕೊಳದ ದಂಡೆಯಲ್ಲಿ ಕೂತು ಮಾತ್ರ ಒಗೆಯಬಾರದು.

ಕಲ್ಲಿನ ನೆಲ ಇರುವವರು ಗಮನಿಸಿ

ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಕಡಪ ಕಲ್ಲು ಎರಡೂ ಸುಣ್ಣದ ಕಲ್ಲುಗಳು. ಮಾರ್ಬಲ್ ಕೂಡ ಅದೇ ಕುಲ. ಮೊಸಾಯಿಕ್ ನೆಲದಲ್ಲಿ ಮಾರ್ಬಲ್ ಚೂರು ಮತ್ತು ಸಿಮೆಂಟ್ ಇರುತ್ತದೆ. ಹಳೇ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲವೂ ಸಿಮೆಂಟಿನದೇ. ಇವೆಲ್ಲಕ್ಕೂ ಹುಳಿ ಶತ್ರು. ವಿನೆಗರ್, ನಿಂಬೆ, ಬಯೋ ಎಂಜೈಮ್ ಹಾಕಿ ವಾರ ವಾರ ಒರೆಸುತ್ತಾ ಹೋದರೆ ಹೊಳಪು ಸತ್ತು ನೆಲ ಒರಟಾಗುತ್ತದೆ. ಒರಟಾದ ನೆಲ ಇನ್ನೂ ಬೇಗ ಕೊಳೆ ಹಿಡಿಯುತ್ತದೆ. ರೆಸಿಪಿ ಹಂಚುವವರು ಇದನ್ನು ಹೇಳುವುದೇ ಇಲ್ಲ, ನನಗೆ ಬೇಸರ ಆಗುವುದು ಇಲ್ಲಿ. ಐವತ್ತು ವರ್ಷ ಬೆಳಗಿದ ರೆಡ್ ಆಕ್ಸೈಡ್ ನೆಲ ಒಮ್ಮೆ ಹೋದರೆ ಹಾಗೆ ಮತ್ತೆ ಹಾಕುವ ಗಾರೆ ಕೆಲಸದವರು ಸಿಗುವುದೇ ಕಷ್ಟ. ಇಂಥ ನೆಲಕ್ಕೆ ಬರೀ ನೀರು, ಜಿಡ್ಡಿದ್ದರೆ ತೆಳು ಅಂಟುವಾಳದ ನೀರು ಸಾಕು. ಗ್ರಾನೈಟ್ ಗಟ್ಟಿ ಕಲ್ಲು, ಹುಳಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಆದರೂ ಅಡುಗೆ ಕಟ್ಟೆಯ ಮೇಲೆ ನಿಂಬೆ ರಸ ನಿಲ್ಲಿಸಬೇಡಿ.

ಬೂದಿ ಬಳಸುವವರಿಗೆ ಒಂದು ಮಾತು. ಹಂಡೆ ಒಲೆಗೆ ಹಾಲಿನ ಕವರ್, ಪ್ಲಾಸ್ಟಿಕ್ ಹಾಕಿ ಉರಿಸುವ ಮನೆಗಳಿವೆ. ಆ ಬೂದಿಯನ್ನು ಪಾತ್ರೆಗೆ ಮುಟ್ಟಿಸಬೇಡಿ. ಬರೀ ಸೌದೆಯ ಬೂದಿ, ಅದೂ ಜರಡಿ ಹಿಡಿದದ್ದು. ನಾನ್‌ಸ್ಟಿಕ್‌ಗೆ ಅದೂ ಬೇಡ.

ಕ್ರಿಮಿಯ ಮಾತು, ವಿಷಗಾಳಿಯ ಮಾತು

ಮನೆಯಲ್ಲಿ ವಾಂತಿಭೇದಿ ಇದ್ದರೆ, ಯಾರಾದರೂ ಆಸ್ಪತ್ರೆಯಿಂದ ಗಾಯ ಹೊತ್ತು ಬಂದಿದ್ದರೆ, ಆಗ ಸಿಪ್ಪೆ ನೀರನ್ನು ನಂಬಬೇಡಿ. ಹುಳಿ ಕೆಲವು ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡುತ್ತದೆ, ನಿಜ. ರೋಗದ ಮನೆಗೆ ಅಷ್ಟು ಸಾಲದು. ಬೇವಿನ ಎಲೆ ಕುದಿಸಿದ ನೀರು, ಕರ್ಪೂರ ಹಾಕಿದ ನೀರು, ಇವುಗಳ ಕಥೆಯೂ ಇಷ್ಟೇ. ಕೋವಿಡ್ ಕಾಲದಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹೇಳಿದ್ದು ಶೇ 1ರ ಸೋಡಿಯಂ ಹೈಪೊಕ್ಲೋರೈಟ್. ಶೌಚಾಲಯಕ್ಕೆ, ವಾಂತಿ ಬಿದ್ದ ಜಾಗಕ್ಕೆ ಇವತ್ತಿಗೂ ಬ್ಲೀಚ್‌ನಷ್ಟು ಅಗ್ಗದ, ಖಾತ್ರಿಯ ವಸ್ತು ಇನ್ನೊಂದಿಲ್ಲ. ಮೊದಲು ಸೋಪುನೀರಿನಲ್ಲಿ ಕೊಳೆ ತೊಳೆದು, ಆಮೇಲೆ ಬ್ಲೀಚ್ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ರೋಗ ಇಲ್ಲದ ದಿನಗಳಲ್ಲಿ ನಡುಮನೆಯ ನೆಲವನ್ನು ಆಸ್ಪತ್ರೆಯ ಹಾಗೆ ಇಡುವ ಅಗತ್ಯ ಇಲ್ಲ. ನೀರು, ಬಟ್ಟೆ, ಬಿಸಿಲು ಸಾಕು.

ಇನ್ನು ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರವದ ಜೊತೆ ಯಾವುದೇ ಹುಳಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಟಾಯ್ಲೆಟ್ ಕ್ಲೀನರ್‌ನಲ್ಲಿ ಹೈಡ್ರೊಕ್ಲೋರಿಕ್ ಆಮ್ಲ ಇರುತ್ತದೆ ಅಂತ ಹಲವರಿಗೆ ಗೊತ್ತು. ವಿನೆಗರ್, ನಿಂಬೆ, ಸಿಟ್ರಿಕ್ ಆಸಿಡ್ ಕೂಡ ಹುಳಿಯೇ. ಮೂರು ತಿಂಗಳು ಹುದುಗಿದ ಬಯೋ ಎಂಜೈಮ್ ಕೂಡ ಹುಳಿಯೇ. ರಾತ್ರಿ ಕಮೋಡಿಗೆ ಬಯೋ ಎಂಜೈಮ್ ಹಾಕಿಟ್ಟು, ಬೆಳಿಗ್ಗೆ ಕೆಲಸಕ್ಕೆ ಬಂದವರು ಗೊತ್ತಿಲ್ಲದೆ ಅದರ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿದರೆ ಕಿಟಕಿಯೇ ಇಲ್ಲದ ಸಣ್ಣ ಬಾತ್‌ರೂಮಿನಲ್ಲಿ ಏನಾಗಬಹುದು ಯೋಚಿಸಿ. ಕಣ್ಣು ಉರಿ, ಕೆಮ್ಮು, ಎದೆ ಬಿಗಿತ. ಆಸ್ತಮಾ ಇದ್ದವರಿಗೆ ಇನ್ನೂ ಅಪಾಯ. ಮೂಗಿಗೆ ಘಾಟು ಬಡಿದ ಕೂಡಲೇ ಎಲ್ಲ ಬಿಟ್ಟು ಹೊರಗೆ ಬನ್ನಿ, ಒಳಗೆ ನಿಂತು ಸರಿಮಾಡಲು ಹೋಗಬೇಡಿ. ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಹೋಗಿ.

ಬಚ್ಚಲಿನ ಕಲೆಗೆ ಅಂತ ಬಿಡಿ ಆಸಿಡ್ ತರುವ ಹಳೇ ಅಭ್ಯಾಸ ಇನ್ನೂ ಕೆಲವರಲ್ಲಿ ಇದೆ. ಆಸಿಡ್ ದಾಳಿಯಲ್ಲಿ ನೊಂದ ಲಕ್ಷ್ಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಅಂಗಡಿಗಳಲ್ಲಿ ಆಸಿಡ್ ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮ ತಂದಿತು. ಮನೆಯಲ್ಲಿ ಅಂಥ ಬಾಟಲಿ ಇಲ್ಲದಿರುವುದೇ ಒಳ್ಳೆಯದು. ಸಿಟ್ರಿಕ್ ಆಸಿಡ್ ನಿಧಾನ, ಆದರೆ ಅದೇ ಕೆಲಸ ಮಾಡುತ್ತದೆ.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಎಚ್ಚರ. ಬಯೋ ಎಂಜೈಮ್ ನೋಡಲು ಜ್ಯೂಸ್ ಹಾಗೇ ಇರುತ್ತದೆ, ಅದನ್ನು ತುಂಬುವುದೂ ಹಳೇ ಜ್ಯೂಸ್ ಬಾಟಲಿಯಲ್ಲೇ. ಬೀದಿಯಲ್ಲಿ ಮಾರಲು ಬರುವ ಬಿಡಿ ಫಿನಾಯಿಲ್ ಕೂಡ ನೀರಿನ ಬಾಟಲಿಯಲ್ಲಿ ಬರುತ್ತದೆ. ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿ, ಮೇಲಿನ ಶೆಲ್ಫಿನಲ್ಲಿ ಇಡಿ. ಪರಿಮಳಕ್ಕೆ ಕರ್ಪೂರ ಕರಗಿಸುವವರು ಗಮನಿಸಬೇಕು: ಚಿಕ್ಕ ಮಗು ಕರ್ಪೂರ ನುಂಗಿದರೆ ಫಿಟ್ಸ್ ಬರಬಹುದು. ಬೆಕ್ಕು ಸಾಕಿದವರು ಕಪ್ಪು ಫಿನಾಯಿಲ್ ಮತ್ತು ಟೀ ಟ್ರೀ ಎಣ್ಣೆ ಎರಡನ್ನೂ ದೂರ ಇಡಿ, ಎರಡೂ ಬೆಕ್ಕಿಗೆ ವಿಷ.

ಇದನ್ನೆಲ್ಲ ಮಾಡುವವರು ಯಾರು?

ಸಿಪ್ಪೆ ಕೂಡಿಡುವುದು, ಬೀಜ ತೆಗೆಯುವುದು, ಕುದಿಸುವುದು, ಸೋಸುವುದು. ಹೆಚ್ಚಿನ ಮನೆಗಳಲ್ಲಿ ಈ ಕೆಲಸ ಬೀಳುವುದು ಹೆಂಗಸರ ಮೇಲೆ. ಆಫೀಸು, ಅಡುಗೆ, ಮಕ್ಕಳ ಓದು ಎಲ್ಲ ಆದಮೇಲೆ ಇದೊಂದು. ಪರಿಸರದ ಹೆಸರಿನಲ್ಲಿ ಅವರ ದಿನ ಇನ್ನಷ್ಟು ಉದ್ದವಾದರೆ ಅದು ನ್ಯಾಯವಲ್ಲ. ಮನೆಯ ಗಂಡಸರು ಅಂಟುವಾಳ ಕುದಿಸಿ ಸೋಸಲಿ. ಸಮಯ ಇಲ್ಲದಿದ್ದರೆ ಹತ್ತಿರದ ಸ್ವಸಹಾಯ ಸಂಘದವರಿಂದ ಕೊಳ್ಳಲಿ.

ಎಲ್ಲದಕ್ಕಿಂತ ಕಡಿಮೆ ಶ್ರಮದ ದಾರಿ ಕಡಿಮೆ ಬಳಸುವುದು. ಪಾತ್ರೆ ತೊಳೆಯುವ ಮುಂಚೆ ಎಣ್ಣೆಯ ಬಾಣಲೆಯನ್ನು ಹಳೇ ಪೇಪರ್ ಅಥವಾ ಒಂದು ಚಿಟಿಕೆ ಹಿಟ್ಟು ಹಾಕಿ ಒರೆಸಿದರೆ ಲಿಕ್ವಿಡ್ ಅರ್ಧಕ್ಕರ್ಧ ಉಳಿಯುತ್ತದೆ. ವಾಷಿಂಗ್ ಮೆಷಿನ್‌ಗೆ ಪುಡಿಯನ್ನು ಕಣ್ಣಂದಾಜಿನಲ್ಲಿ ಸುರಿಯುವ ಬದಲು ಅಳತೆ ಚಮಚ ಇಟ್ಟುಕೊಳ್ಳಿ. ನೊರೆ ಜಾಸ್ತಿ ಬಂದರೆ ಬಟ್ಟೆ ಜಾಸ್ತಿ ಶುದ್ಧವಾಗುತ್ತದೆ ಅನ್ನುವುದು ತಪ್ಪು ನಂಬಿಕೆ. ಜಾಸ್ತಿ ನೊರೆಗೆ ಜಾಲಾಡಿಸಲು ನೀರೂ ಜಾಸ್ತಿ ಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಣಗಿ ಟ್ಯಾಂಕರ್‌ಗೆ ಕಾದವರಿಗೆ ಆ ಎರಡು ಬಕೆಟ್ ನೀರಿನ ಬೆಲೆ ಗೊತ್ತು.

ಮನೆಕೆಲಸಕ್ಕೆ ಬರುವ ಅಕ್ಕನನ್ನು ಈ ಬದಲಾವಣೆಯಲ್ಲಿ ಯಾರೂ ಕೇಳುವುದಿಲ್ಲ. ದಿನಕ್ಕೆ ನಾಲ್ಕೈದು ಮನೆಯ ಪಾತ್ರೆ ತೊಳೆದು, ನೆಲ ಒರೆಸಿ, ಬೆರಳ ಸಂದಿ ಬಿರಿದು ಉರಿಯುವುದು ಅವರಿಗೆ. ಅಂಗಡಿಯ ಲಿಕ್ವಿಡ್ ಬದಲು ಅಂಟುವಾಳ ಕೊಟ್ಟರೆ ಕೈಗೆ ಹಿತ. ಆದರೆ ಅದೇ ಹೊತ್ತಿಗೆ ಎಣ್ಣೆಯ ಪಾತ್ರೆಗೆ ಎರಡರಷ್ಟು ಉಜ್ಜಬೇಕಾಗುತ್ತದೆ, ಸಮಯ ಜಾಸ್ತಿ ಹಿಡಿಯುತ್ತದೆ, ಮುಂದಿನ ಮನೆಗೆ ತಡವಾಗುತ್ತದೆ. ವಾಷಿಂಗ್ ಸೋಡಾ ಕೊಟ್ಟರೆ ಜಿಡ್ಡು ಬೇಗ ಹೋಗುತ್ತದೆ, ಕೈ ಚರ್ಮ ಲಿಕ್ವಿಡ್‌ಗಿಂತ ಜಾಸ್ತಿ ಒಣಗುತ್ತದೆ. ಹಾಗಾಗಿ ಹೊಸ ಬಾಟಲಿ ಇಡುವ ಮುಂಚೆ ಅವರ ಜೊತೆ ಕೂತು ಮಾತಾಡಿ. ಯಾವ ಬಾಟಲಿಯಲ್ಲಿ ಏನಿದೆ, ಯಾವುದರ ಜೊತೆ ಯಾವುದು ಸೇರಬಾರದು ಅಂತ ಅವರ ಭಾಷೆಯಲ್ಲೇ ಹೇಳಿ. ಬಾಣಲೆಗೆ ಲಿಕ್ವಿಡ್, ಲೋಟ ತಟ್ಟೆಗೆ ಅಂಟುವಾಳ ಅಂತ ಇಬ್ಬರೂ ಒಪ್ಪಿ ಹಂಚಿಕೊಳ್ಳಿ. ಒಂದು ಜೊತೆ ರಬ್ಬರ್ ಕೈಗವಸು ತಂದಿಡಿ, ಹರಿದಾಗ ಅವರು ಕೇಳುವ ಮುಂಚೆಯೇ ಹೊಸದು ತನ್ನಿ.